ವರ್ಗವಾಗಿ ಬಂದ ಹುಡುಗ

"ಮೇಷ್ಟ್ರೇ, ಟ್ರಾನ್ಸ್‌ಫರ್ ಆಗಿ ಬಂದೋನು ಹೊಸಾ ಜಾಗದಲ್ಲಿ ನಿಲ್ತಾನೆ ಅಂತೀರಾ?"

ಬೇಲಿಯ ಆಚೆಯಿಂದ ಗೌಡರು ಹೀಗೆ ಕೇಳಿದಾಗ ನಾನು ಈಚೆ ಕಡೆ ಮಗಳ ಮನೆಯ ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತಿದ್ದೆ. ಮೂವತ್ತಮೂರು ವರ್ಷದ ಮೇಷ್ಟ್ರಗಿರಿಯಲ್ಲಿ ಏಳು ಸಲ ವರ್ಗವಾದವನು ನಾನು. ಈ ಪ್ರಶ್ನೆಗೆ ಉತ್ತರ ಹೇಳಲು ನನಗಿಂತ ಯೋಗ್ಯನಾದವನು ಇಡೀ ಒಹಾಯೋ ರಾಜ್ಯದಲ್ಲಿ ಇರಲಾರ ಎನ್ನಿಸಿತು. ಸೊಂಟ ನೆಟ್ಟಗೆ ಮಾಡಿ, ಕನ್ನಡಕ ಮೇಲೇರಿಸಿ, "ಕೋರಿಕೆ ವರ್ಗಾವಣೆಯೋ, ಹೆಚ್ಚುವರಿ ಅಂತ ಎತ್ತಿಹಾಕಿದ್ದೋ? ಅದರ ಮೇಲಿದೆ ಗೌಡ್ರೇ" ಎಂದೆ.

"ಅಯ್ಯೋ, ನಿಮ್ಮ ಬಿಇಓ ಆಫೀಸಿನ ಕತೆಯಲ್ಲ ಸ್ವಾಮಿ. ಕ್ವಾರ್ಟರ್‌ಬ್ಯಾಕ್ ವಿಚಾರ. ಕಾಲೇಜ್ ಫುಟ್‌ಬಾಲು!"

ಗೌಡರು ಮಂಡ್ಯದ ಕಡೆಯವರು. ಕೊಲಂಬಸ್ ಊರಿಗೆ ಬಂದು ಇಪ್ಪತ್ತಾರು ವರ್ಷವಾಯಿತಂತೆ. ಮಗ ಓದಿದ್ದು ಇಲ್ಲಿನ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಮಗ ಓದು ಮುಗಿಸಿ ಬೇರೆ ಊರು ಸೇರಿದ, ಅಪ್ಪ ಇನ್ನೂ ಆ ಕಾಲೇಜು ಬಿಟ್ಟಿಲ್ಲ. ಅವರ ಟೋಪಿ ಕೆಂಪು, ಬನಿಯನ್ನು ಕೆಂಪು, ಹಿತ್ತಲಿನ ನೀರಿನ ಕೊಳವೆಯೂ ಕೆಂಪು. ನವೆಂಬರ್ ಕೊನೆಗೆ ಮಿಶಿಗನ್ ವಿರುದ್ಧದ ಪಂದ್ಯ ಬಂದರೆ ಆ ವಾರವೆಲ್ಲ ಯೂನಿವರ್ಸಿಟಿಯ ಫಲಕಗಳಲ್ಲಿರುವ 'ಎಂ' ಅಕ್ಷರಕ್ಕೆಲ್ಲ ಕೆಂಪು ಪಟ್ಟಿ ಅಂಟಿಸುತ್ತಾರಂತೆ, ಶತ್ರುವಿನ ಹೆಸರಿನ ಮೊದಲಕ್ಷರವೂ ಕಣ್ಣಿಗೆ ಬೀಳಬಾರದು ಅಂತ. ಮಂಡ್ಯದಲ್ಲಿ ಹುಟ್ಟಿದವರು ಅದು ಹೇಗೆ ತಡೆದುಕೊಳ್ಳುತ್ತಾರೋ ಗೊತ್ತಿಲ್ಲ.

ನನಗೆ ಆರು ತಿಂಗಳ ವೀಸಾ. ಹೊತ್ತು ಹೋಗಬೇಕು. ಗೌಡರಿಗೆ ಕನ್ನಡದಲ್ಲಿ ಫುಟ್‌ಬಾಲ್ ಮಾತಾಡಲು ಒಂದು ಜೀವ ಬೇಕು. ಹೀಗಾಗಿ ದಿನಾ ಸಂಜೆ ಬೇಲಿಯ ಮೇಲೆ ಇತ್ತಿಂದ ಮೆಂತ್ಯ, ಅತ್ತಿಂದ ಬದನೆ ಸಸಿ ದಾಟುತ್ತವೆ, ನಡುವೆ ಹರಟೆ.

ಆಟ ನನಗೆ ಅರ್ಥವಾಗಲು ಹದಿನೈದು ದಿನ ಹಿಡಿಯಿತು. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಕೆಲಸ ಹೆಚ್ಚಾಗಿ ಓಡುವುದಕ್ಕೇ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಅವರಿಗೆ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಕೈಗೆ ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬನಿಗೆ. ಕೊಡಬೇಕೋ, ಎಸೆಯಬೇಕೋ, ತಾನೇ ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ಅವನೇ ತೀರ್ಮಾನ ಮಾಡಬೇಕು. ಅಷ್ಟು ಹೊತ್ತು ಅವನ ಮೈಮೇಲೆ ಯಾರೂ ಬೀಳದಂತೆ ಮುಂದೆ ಐದು ಜನ ದಾಂಡಿಗರು ಗೋಡೆ ಕಟ್ಟಿ ನಿಂತಿರುತ್ತಾರೆ, ಒಬ್ಬೊಬ್ಬನೂ ನೂರಮೂವತ್ತು ನೂರನಲವತ್ತು ಕಿಲೋ ತೂಗುವವನು. ಇಡೀ ಊರಿನ ಮರ್ಯಾದೆ ಇಪ್ಪತ್ತು ಇಪ್ಪತ್ತೊಂದು ವರ್ಷದ ಹುಡುಗನ ಕೈಯಲ್ಲಿ. ಒಹಾಯೋ ಸ್ಟೇಟ್ ಮೈದಾನ ಕುದುರೆ ಲಾಳದ ಆಕಾರದ್ದು, ಅದರಲ್ಲಿ ಕೂರುವವರು ಒಂದು ಲಕ್ಷಕ್ಕೂ ಹೆಚ್ಚು.

ಹಿಂದೆಲ್ಲ ಈ ಹುಡುಗ ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಒಂದು ಡಿಗ್ರಿ ಮುಗಿಸಿ ಹೋದವನಿಗೆ ಮಾತ್ರ ವಿನಾಯಿತಿ. 2018ರ ಅಕ್ಟೋಬರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಬಿಡಬೇಕೆನ್ನಿಸಿದವನ ಹೆಸರು ಕಂಪ್ಯೂಟರಿನಲ್ಲಿ ಏರಿದರೆ ಸಾಕು, ಯಾವ ಕಾಲೇಜಿನವರಾದರೂ ಅವನಿಗೆ ಫೋನು ಮಾಡಬಹುದು. 2021ರಲ್ಲಿ ಒಂದು ಸಲ ಸುಮ್ಮನೆ ಹೋಗಬಹುದು ಎಂದರು. 2024ರಲ್ಲಿ, ಪಾಠದಲ್ಲಿ ಪಾಸಾಗುತ್ತಿದ್ದರೆ ಎಷ್ಟು ಸಲ ಬೇಕಾದರೂ ಹೋಗಿ, ಹೋದ ವರ್ಷವೇ ಆಡಿ ಎಂದರು. 2026ರಲ್ಲಿ ಜನವರಿ 2ರಿಂದ 16ರವರೆಗೆ ಹದಿನೈದು ದಿನ ಬಾಗಿಲು ತೆರೆದಿತ್ತು.

"ಇದು ಥೇಟ್ ನಮ್ಮ ವರ್ಗಾವಣೆ ಕೌನ್ಸೆಲಿಂಗ್" ಎಂದೆ ನಾನು. ನಮ್ಮಲ್ಲೂ ಖಾಲಿ ಹುದ್ದೆ ಪರದೆಯ ಮೇಲೆ ಬರುತ್ತವೆ, ನಮ್ಮಲ್ಲೂ ಗಡುವಿದೆ, ನಮ್ಮಲ್ಲೂ ಕಣ್ಣೀರಿದೆ. ವ್ಯತ್ಯಾಸ ಒಂದೇ. 2021ರ ಜುಲೈಯಿಂದ ಈ ಹುಡುಗರು ತಮ್ಮ ಹೆಸರು, ಮುಖ ಬಳಸಿಕೊಂಡು ದುಡ್ಡು ಮಾಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ನಮಗೆ ವರ್ಗಾವಣೆ ಭತ್ಯೆಯ ಬಿಲ್ಲು ಪಾಸಾಗುವ ಹೊತ್ತಿಗೆ ಮುಂದಿನ ವರ್ಗಾವಣೆ ಬಂದಿರುತ್ತಿತ್ತು.

ಗೌಡರಿಗೆ ಈ ವಿಷಯದಲ್ಲಿ ಮಾಯದ ಗಾಯವೊಂದಿದೆ. ಅದರ ಹೆಸರು ಜೋ ಬರೋ. ಇದೇ ಒಹಾಯೋದ ಆಥೆನ್ಸ್ ಊರಿನ ಹುಡುಗ. ಒಹಾಯೋ ಸ್ಟೇಟ್ ಸೇರಿ ಮೂರು ವರ್ಷ ಬೆಂಚಿನ ಮೇಲೆ ಕೂತ. ಅವಕಾಶ ಬರಬೇಕು ಅನ್ನುವಾಗ ಕೈ ಮುರಿಯಿತು. ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿ 2018ರಲ್ಲಿ ಲೂಯಿಸಿಯಾನಾದ ಎಲ್‌ಎಸ್‌ಯುಗೆ ಹೊರಟುಹೋದ. ಅಲ್ಲಿ 2019ರಲ್ಲಿ ಹದಿನೈದಕ್ಕೆ ಹದಿನೈದು ಪಂದ್ಯ ಗೆದ್ದು, ಅಂಕ ತರುವ 60 ಟಚ್‌ಡೌನ್ ಎಸೆದು, ಹೈಸ್ಮನ್ ಟ್ರೋಫಿಯನ್ನೂ ರಾಷ್ಟ್ರೀಯ ಚಾಂಪಿಯನ್‌ಶಿಪ್ಪನ್ನೂ ಬಾಚಿಕೊಂಡ. ಹೈಸ್ಮನ್ ಎಂದರೆ ಇಡೀ ದೇಶದ ಕಾಲೇಜು ಆಟಗಾರರಲ್ಲಿ ವರ್ಷಕ್ಕೊಬ್ಬನಿಗೆ ಕೊಡುವ ಮರ್ಯಾದೆ.

"ನಮ್ಮನೇ ಗೊನೆ ಮೇಷ್ಟ್ರೇ, ಹಣ್ಣಾಗಿದ್ದು ಪಕ್ಕದೋರ ಮನೇಲಿ" ಎಂದರು ಗೌಡರು.

"ನಿಮಗೂ ಬಂದಿರಬೇಕಲ್ಲ ಯಾರಾದ್ರೂ?"

ಗೌಡರ ಮುಖ ಅರಳಿತು. 2023ರಲ್ಲಿ ಒಹಾಯೋ ಸ್ಟೇಟ್‌ಗೆ ಕೈಲ್ ಮೆಕಾರ್ಡ್ ಎಂಬ ಹುಡುಗ ಕ್ವಾರ್ಟರ್‌ಬ್ಯಾಕ್. ಮೊದಲ ಹನ್ನೊಂದು ಪಂದ್ಯ ಗೆದ್ದು ಹನ್ನೆರಡನೆಯದರಲ್ಲಿ ಮಿಶಿಗನ್ ಎದುರು ಸೋತ. ಹನ್ನೊಂದನ್ನು ಊರು ಮರೆಯಿತು. ಅವನು ಸಿರಾಕ್ಯೂಸ್ ಯೂನಿವರ್ಸಿಟಿಗೆ ಹೊರಟ. ಅವನ ಜಾಗಕ್ಕೆ ಕ್ಯಾನ್ಸಸ್ ಸ್ಟೇಟ್‌ನಿಂದ ವಿಲ್ ಹೊವಾರ್ಡ್ ಬಂದ. ತಮಾಷೆ ನೋಡಿ, 2024ರಲ್ಲಿ ಹೊವಾರ್ಡ್ ಕೂಡ ಮಿಶಿಗನ್ ಎದುರು 13-10ರಿಂದ ಸೋತ. ಆದರೆ ಅದೇ ವರ್ಷ ರಾಷ್ಟ್ರೀಯ ಪ್ರಶಸ್ತಿಯ ಪ್ಲೇಆಫ್‌ಗೆ ಮೊದಲ ಸಲ ಹನ್ನೆರಡು ತಂಡ ಸೇರಿಸಿಕೊಂಡಿದ್ದರು. ಬಾಗಿಲು ಇನ್ನೂ ತೆರೆದಿತ್ತು. ಹೊವಾರ್ಡ್ ನಾಲ್ಕು ಪಂದ್ಯ ಸಾಲಾಗಿ ಗೆದ್ದ. 2025ರ ಜನವರಿ 20ರಂದು ಫೈನಲ್‌ನಲ್ಲಿ ಮೊದಲ ಹದಿಮೂರು ಎಸೆತಗಳಲ್ಲಿ ಒಂದನ್ನೂ ತಪ್ಪದೆ ನಾಟರ್ ಡೇಮ್ ತಂಡವನ್ನು 34-23ರಿಂದ ಸೋಲಿಸಿದ. ಎದುರು ನಿಂತಿದ್ದ ರೈಲಿ ಲೆನರ್ಡ್ ಕೂಡ ಡ್ಯೂಕ್‌ನಿಂದ ವರ್ಗವಾಗಿ ಬಂದವನೇ. ಅತ್ತ ಸಿರಾಕ್ಯೂಸ್‌ನಲ್ಲಿ ಮೆಕಾರ್ಡ್ ಆ ವರ್ಷ 4,779 ಗಜ ಎಸೆದು ದೇಶಕ್ಕೇ ಮೊದಲಿಗನಾದ.

"ಇಬ್ಬರಿಗೂ ಒಳ್ಳೆಯದಾಯಿತಲ್ಲ ಗೌಡ್ರೇ. ಇದು ಒಂಥರಾ ಪರಸ್ಪರ ವರ್ಗಾವಣೆ. ನಮ್ಮ ಇಲಾಖೆಯಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಅಂತ ಇದನ್ನೇ ಹೇಳ್ತಾರೆ."

"ಒಳ್ಳೇದಾಯ್ತು ಬುಡಿ. ಆದ್ರೆ ಮರುವರ್ಷ ಆಗಿದ್ದು ಕೇಳಿ."

ಮರುವರ್ಷದ ಕತೆ ಹೇಳುವಾಗ ಗೌಡರು ಟೋಪಿ ತೆಗೆದು ಬೇಲಿಗೂಟದ ಮೇಲಿಟ್ಟರು. 2025ರಲ್ಲಿ ಒಹಾಯೋ ಸ್ಟೇಟ್ ಹನ್ನೆರಡಕ್ಕೆ ಹನ್ನೆರಡು ಗೆದ್ದಿತ್ತು. ಮಿಶಿಗನ್ ಎದುರು ನಾಲ್ಕು ವರ್ಷದ ಸೋಲಿನ ಸರಪಳಿ 27-9ರಲ್ಲಿ ಕಳಚಿತ್ತು. ಡಿಸೆಂಬರ್ 6ಕ್ಕೆ ಇಂಡಿಯಾನಾ ತಂಡ 13-10ರಿಂದ ಮಣಿಸಿತು. ಆ ತಂಡದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೋ ಮೆಂಡೋಝಾ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಆ ವರ್ಷವೇ ವರ್ಗವಾಗಿ ಬಂದವನು. ವರ್ಷದ ಕೊನೇ ದಿನ ಮಯಾಮಿ ತಂಡ 24-14ರಿಂದ ಮನೆಗೆ ಕಳಿಸಿತು. ಅದರ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್, ಜಾರ್ಜಿಯಾದಿಂದ ಆ ವರ್ಷವೇ ಬಂದವನು. ಇಡೀ ವರ್ಷದಲ್ಲಿ ಸೋತದ್ದು ಎರಡೇ, ಎರಡೂ ವರ್ಗವಾಗಿ ಬಂದವರ ಕೈಯಲ್ಲಿ. ಕೊನೆಗೆ ಈ ಇಬ್ಬರೇ ಫೈನಲ್‌ನಲ್ಲಿ ಎದುರಾದರು. ಜನವರಿ 19ರಂದು ಇಂಡಿಯಾನಾ 27-21ರಿಂದ ಗೆದ್ದು, 16ಕ್ಕೆ 16 ಪಂದ್ಯ ಮುಗಿಸಿತು. ಆ ಕಾಲೇಜಿನ ಚರಿತ್ರೆಯಲ್ಲೇ ಮೊದಲ ರಾಷ್ಟ್ರೀಯ ಪ್ರಶಸ್ತಿ. ಮೆಂಡೋಝಾಗೆ ಹೈಸ್ಮನ್.

"ಬೇರೇವ್ರ ಮಕ್ಕಳನ್ನ ತಂದು ಗೆಲ್ಲೋದೂ ಒಂದು ಗೆಲುವಾ ಮೇಷ್ಟ್ರೇ?"

"ಅಂದ ಹಾಗೆ, ಕಳೆದ ವರ್ಷ ನಿಮ್ಮ ಕ್ವಾರ್ಟರ್‌ಬ್ಯಾಕ್ ಯಾರು?"

"ಜೂಲಿಯನ್ ಸೇಯಿನ್ ಅಂತ. ಚಿನ್ನದಂಥ ಹುಡುಗ."

"ಮೊದಲಿಂದ ಇಲ್ಲಿಯವನೇ?"

ಗೌಡರು ಬದನೆ ಗಿಡದ ಎಲೆ ತಿರುಗಿಸಿ ಹುಳ ಹುಡುಕಿದರು. ಆಮೇಲೆ ಮೆಲ್ಲಗೆ, "ಅಲಬಾಮಾದಲ್ಲಿ ಒಂದಷ್ಟು ದಿನ ಇದ್ದ. ಅಲ್ಲಿ ಕೋಚು ನಿಕ್ ಸೇಬನ್ ನಿವೃತ್ತಿ ಆದ್ರು ನೋಡಿ, ಬಂದ್ಬುಟ್ಟ" ಎಂದರು. ನಾನು ಮೆಂತ್ಯದ ಕಳೆ ಕೀಳುವುದಕ್ಕೆ ಬಗ್ಗಿದೆ, ನಗು ಕಾಣಬಾರದಲ್ಲ.

ಅಂದಮೇಲೆ ವರ್ಗವಾಗಿ ಬಂದವನು ನಿಲ್ಲುತ್ತಾನೆ ಎಂದೇ ಹೇಳಬೇಕು. 2017ರಿಂದ 2025ರವರೆಗೆ ಒಂಬತ್ತು ಹೈಸ್ಮನ್‌ನಲ್ಲಿ ಆರು ಹೀಗೆ ಬಂದ ಕ್ವಾರ್ಟರ್‌ಬ್ಯಾಕ್‌ಗಳಿಗೇ ಹೋಗಿವೆ: ಬೇಕರ್ ಮೇಫೀಲ್ಡ್, ಕೈಲರ್ ಮರ್ರಿ, ಬರೋ, ಕೇಲಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಮೆಂಡೋಝಾ. ಆದರೆ ಈ ಲೆಕ್ಕದಲ್ಲಿ ಒಂದು ಮೋಸವಿದೆ. ಗದ್ದೆಯಲ್ಲಿ ಹಸಿರಾಗಿ ನಿಂತ ಪೈರನ್ನು ಎಣಿಸಬಹುದು, ಕೊಳೆತುಹೋದ ಸಸಿ ಲೆಕ್ಕಕ್ಕೆ ಸಿಗುವುದಿಲ್ಲ. ಈ ಮಾತು ಹೇಳಿದ್ದು ಗೌಡರೇ.

ಜೆ.ಟಿ. ಡೇನಿಯಲ್ಸ್ ಎಂಬುವನು ಸದರ್ನ್ ಕ್ಯಾಲಿಫೋರ್ನಿಯಾದಿಂದ ಜಾರ್ಜಿಯಾಕ್ಕೆ, ಅಲ್ಲಿಂದ ವೆಸ್ಟ್ ವರ್ಜೀನಿಯಾಕ್ಕೆ, ಅಲ್ಲಿಂದ ಟೆಕ್ಸಾಸ್‌ನ ರೈಸ್‌ಗೆ ಹೋದ. ನಾಲ್ಕು ಕಾಲೇಜು, ಎಲ್ಲಿಯೂ ಬೇರು ಬಿಡಲಿಲ್ಲ. ಡಿ.ಜೆ. ಊಯಿಯಾಂಗಲೆಲೆ ಎಂಬುವನು ಕ್ಲೆಮ್ಸನ್‌ನಿಂದ ಆರೆಗನ್ ಸ್ಟೇಟ್‌ಗೆ, ಅಲ್ಲಿಂದ 2024ರಲ್ಲಿ ಫ್ಲಾರಿಡಾ ಸ್ಟೇಟ್‌ಗೆ ಬಂದ. ಹಿಂದಿನ ವರ್ಷ ಹದಿಮೂರು ಪಂದ್ಯ ಸಾಲಾಗಿ ಗೆದ್ದ ತಂಡ ಅದು. ಇವನು ಬಂದ ವರ್ಷ ಹನ್ನೆರಡರಲ್ಲಿ ಎರಡು ಗೆದ್ದಿತು. ನಡುವೆ ಕೈಗೆ ಪೆಟ್ಟು ಬಿದ್ದು ಅವನು ಹೊರಗೆ ಕೂತ. ನಿಕೊ ಯಾಮಲಿಯಾವಾ ಎಂಬ ಹುಡುಗ ಟೆನೆಸಿಯನ್ನು ಪ್ಲೇಆಫ್‌ವರೆಗೆ ಒಯ್ದಿದ್ದ. 2025ರ ಏಪ್ರಿಲ್‌ನಲ್ಲಿ ಹಣದ ಮಾತು ಕೂಡಿಬರಲಿಲ್ಲ ಎಂಬ ಸುದ್ದಿಯ ನಡುವೆ ಯುಸಿಎಲ್‌ಎ ಸೇರಿದ. ಮೊದಲ ಮೂರು ಪಂದ್ಯ ಸೋತ ಕೂಡಲೇ ಅಲ್ಲಿ ಕೋಚನ್ನೇ ತೆಗೆದರು. ವರ್ಷದ ಕೊನೆಗೆ ಮೂರು ಗೆಲುವು, ಒಂಬತ್ತು ಸೋಲು.

ಇವರಲ್ಲಿ ಯಾರ ತೋಳಿನಲ್ಲೂ ಕಸುವು ಕಮ್ಮಿ ಇರಲಿಲ್ಲ. ಹಾಗಾದರೆ ಏನು ಕಮ್ಮಿಯಾಯಿತು?

ಇಲ್ಲಿ ನನ್ನ ಏಳು ವರ್ಗಾವಣೆ ಕೆಲಸಕ್ಕೆ ಬಂದವು. ಹೊಸ ಶಾಲೆಗೆ ಹೋದ ಮೇಷ್ಟ್ರಿಗೆ ವಿಷಯ ಹೊಸದಲ್ಲ, ಪುಸ್ತಕ ಹೊಸದಲ್ಲ. ಹೊಸದು ಅಲ್ಲಿನ ಮಾತು. ಒಂದು ಊರಿನಲ್ಲಿ 'ಸಾರ್, ಆಯ್ತು' ಎಂದರೆ ಲೆಕ್ಕ ಮಾಡಿ ಮುಗಿಯಿತು ಎಂದರ್ಥ. ಇನ್ನೊಂದು ಊರಿನಲ್ಲಿ ಇನ್ನು ಸಾಕು ಬಿಡಿ ಎಂದರ್ಥ. ಇದು ಬಗೆಹರಿಯಲು ನನಗೆ ಅರ್ಧ ವರ್ಷ ಹಿಡಿದಿತ್ತು. ಗೌಡರನ್ನು ಕೇಳಿದರೆ ಇಲ್ಲಿಯೂ ಅದೇ. ಓಡುವ ದಾರಿ, ಎಸೆಯುವ ಲೆಕ್ಕ ಎಲ್ಲ ಕಾಲೇಜಿನಲ್ಲೂ ಹೆಚ್ಚುಕಡಿಮೆ ಒಂದೇ, ಆದರೆ ಪ್ರತಿ ಕೋಚೂ ಅದಕ್ಕೆ ತನ್ನದೇ ಹೆಸರಿಟ್ಟಿರುತ್ತಾನೆ. ಜನವರಿಯಲ್ಲಿ ಬಂದ ಹುಡುಗ ಬೇಸಿಗೆಗೆ ಮುಂಚಿನ ಹದಿನೈದು ಅಭ್ಯಾಸಗಳಲ್ಲಿ, ಮತ್ತೆ ಆಗಸ್ಟಿನ ತಾಲೀಮಿನಲ್ಲಿ ಆ ಭಾಷೆ ಕಲಿತು, ಲಕ್ಷ ಜನರ ಗದ್ದಲದ ನಡುವೆ ಮೂರು ಸೆಕೆಂಡಿನಲ್ಲಿ ಅದರಲ್ಲೇ ಯೋಚಿಸಬೇಕು.

ಆದ್ದರಿಂದ ಹಳೇ ಗುರುವಿನ ಹಿಂದೆ ಹೋದವನಿಗೆ ದಾರಿ ಸಲೀಸು. ವಿಲಿಯಮ್ಸ್ ತನ್ನ ಕೋಚು ಲಿಂಕನ್ ರೈಲಿಯ ಹಿಂದೆಯೇ ಒಕ್ಲಹೋಮಾದಿಂದ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ ಹೋದ, ಮೊದಲ ವರ್ಷವೇ ಹೈಸ್ಮನ್. ಮೈಕಲ್ ಪೆನಿಕ್ಸ್ ಇಂಡಿಯಾನಾದಲ್ಲಿ ನಾಲ್ಕು ವರ್ಷವೂ ಮೊಣಕಾಲೋ ಹೆಗಲೋ ಪೆಟ್ಟಾಗಿ ನಡುವೆಯೇ ನಿಂತವನು. ಹಿಂದೆ ತನಗೆ ಆಟ ಕಲಿಸಿದ್ದ ಕೇಲನ್ ಡಿಬೋರ್ ವಾಷಿಂಗ್ಟನ್ ಯೂನಿವರ್ಸಿಟಿಯ ಕೋಚಾದಾಗ ಅಲ್ಲಿಗೆ ಹೋದ. ಮೊದಲ ವರ್ಷವೇ 4,641 ಗಜ, ಎರಡನೆಯ ವರ್ಷ ಫೈನಲ್. ಹಳೇ ಗುರುವಿಲ್ಲದ ಊರಿಗೆ ಹೋಗಿ ಮೊದಲ ವರ್ಷವೇ ಗೆದ್ದ ಮೆಂಡೋಝಾನಂಥವರೂ ಉಂಟು. ಆದರೆ ಆ ಊರು ಪೂರಾ ಪರಊರಲ್ಲ, ಅವನ ತಮ್ಮ ಆಗಲೇ ಅದೇ ತಂಡದಲ್ಲಿದ್ದ. ಕೋಚು ಕರ್ಟ್ ಸಿಗ್ನೆಟಿಗೆ ಹಿಂದಿನ ವರ್ಷವೇ ವರ್ಗವಾಗಿ ಬಂದ ಕರ್ಟಿಸ್ ರೋರ್ಕ್ ಎಂಬುವನನ್ನು ಇಟ್ಟುಕೊಂಡು ಹನ್ನೊಂದು ಪಂದ್ಯ ಗೆದ್ದು ಅಭ್ಯಾಸವಿತ್ತು. ಹೊಸಬರನ್ನು ಬರಮಾಡಿಕೊಳ್ಳುವ ಪದ್ಧತಿ ಇರುವ ಮನೆಗೆ ಸೊಸೆ ಬಂದ ಹಾಗೆ.

ಇನ್ನು ಅಪರಿಚಿತ ಊರಿಗೆ ಹೋದ ಬೇರೆಯವರ ಗತಿ? ಅದಕ್ಕೂ ಬರೋನೇ ಸಾಕ್ಷಿ. ಅವನು 60 ಟಚ್‌ಡೌನ್ ಎಸೆದದ್ದು ಎಲ್‌ಎಸ್‌ಯುನಲ್ಲಿ ಎರಡನೆಯ ವರ್ಷ. ಮೊದಲ ವರ್ಷ ಎಸೆದದ್ದು 16. ಅದೇ ಎಲ್‌ಎಸ್‌ಯುಗೆ ಅರಿಜೋನಾ ಸ್ಟೇಟ್‌ನಿಂದ ಬಂದ ಜೇಡನ್ ಡೇನಿಯಲ್ಸ್ ಮೊದಲ ವರ್ಷ 17, ಎರಡನೆಯ ವರ್ಷ 40. ಅದೇ ಹುಡುಗರು, ಅದೇ ತೋಳು. ಬದಲಾದದ್ದು ಕ್ಯಾಲೆಂಡರ್.

ಇದನ್ನು ಕೇಳಿ ಗೌಡರು ಬಹಳ ಹೊತ್ತು ಸುಮ್ಮನಿದ್ದರು. "ಒಟ್ಲಿಂದ ಕಿತ್ತು ಗದ್ದೆಗೆ ನೆಟ್ಟ ಪೈರು ಮೊದ್ಲು ಹಳದಿ ಆಗೇ ಆಗ್ತದೆ ಮೇಷ್ಟ್ರೇ. ಹಳದಿ ಆಯ್ತು ಅಂತ ನಮ್ಮಪ್ಪ ಒಂದು ದಿನಾನೂ ಪೈರು ಕೀಳ್ಲಿಲ್ಲ" ಎಂದರು.

ಈಗ ಕೀಳುತ್ತಾರೆ. ಯೋಚಿಸಿದರೆ ತೊಡಕು ಇಲ್ಲೇ ಇದೆ. ಪೋರ್ಟಲ್ ಹುಡುಗನಿಗೆ ಹೋಗುವ ಸ್ವಾತಂತ್ರ್ಯ ಕೊಟ್ಟಿತು, ಕೊಡಲೇಬೇಕಿತ್ತು. ಕೋಚುಗಳು ಕೋಟಿಗಟ್ಟಲೆ ಸಂಬಳಕ್ಕೆ ಊರು ಬಿಡುವಾಗ ಹುಡುಗ ಮಾತ್ರ ಏಕೆ ಕಟ್ಟಿಹಾಕಿಸಿಕೊಳ್ಳಬೇಕು? ಆದರೆ ಅದೇ ಪೋರ್ಟಲ್ ಕಾಲೇಜಿಗೂ ಒಂದು ಚಟ ಹಚ್ಚಿತು. ಮೊದಲ ವರ್ಷ ಎಡವಿದವನಿಗೆ ಎರಡನೆಯ ವರ್ಷ ಏಕೆ, ಜನವರಿಯಲ್ಲಿ ಇನ್ನೊಬ್ಬ ಸಿಗುತ್ತಾನಲ್ಲ! ಮೊದಲ ವರ್ಷ 16 ಎಸೆದ ಬರೋನನ್ನು ಇವತ್ತಿನ ದಿನದಲ್ಲಿ ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳುತ್ತಿದ್ದರೇ? ಅವನಾದರೂ ಇರುತ್ತಿದ್ದನೇ?

ನನಗೂ ಒಂದು ಊರಿನಲ್ಲಿ ಹೀಗೇ ಆಗಿತ್ತು. ನಾಲ್ಕನೆಯ ವರ್ಗಾವಣೆ. ಹೋದ ದಿನ ಸ್ಟಾಫ್ ರೂಮಿನಲ್ಲಿ ಕುರ್ಚಿಯೂ ಇರಲಿಲ್ಲ, ಕಿಟಕಿ ಕಟ್ಟೆಯ ಮೇಲೆ ಕೂತು ಹಾಜರಿ ವರದಿ ಬರೆದೆ. ಆ ವರ್ಷ ಹತ್ತನೇ ತರಗತಿಯ ಗಣಿತದಲ್ಲಿ ಅರ್ಧಕ್ಕರ್ಧ ಫೇಲು. ನನ್ನನ್ನು ಎತ್ತಿಹಾಕಲು ಊರಿನವರು ಅರ್ಜಿ ಬರೆದರು. ಮುಖ್ಯೋಪಾಧ್ಯಾಯರು ಅದನ್ನು ಓದಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡು, "ಇನ್ನೊಂದು ವರ್ಷ ಇರಲಿ" ಎಂದರು. ಮಾರನೆಯ ವರ್ಷ ಫೇಲಾದವರು ಮೂವರು. ಆ ಒಂದು ವರ್ಷದಲ್ಲಿ ನಾನೇನು ಜಾಣನಾಗಲಿಲ್ಲ. ಆ ಊರಿನ ಮಕ್ಕಳ 'ಆಯ್ತು' ನನಗೆ ಅರ್ಥವಾಗಿತ್ತು, ಅಷ್ಟೆ.

ಬೇರೆ ಊರು ಒಲಿದ ಕತೆ ನಮ್ಮ ಕ್ರಿಕೆಟ್ಟಿನಲ್ಲೂ ಇದೆ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಎದುರು 303 ಹೊಡೆದು ಔಟಾಗದೆ ಉಳಿದ ಕರುಣ್ ನಾಯರ್‌ಗೆ ಕೊನೆಗೆ ಕರ್ನಾಟಕ ತಂಡದಲ್ಲೇ ಜಾಗವಿಲ್ಲದಾಯಿತು. 2023ರಲ್ಲಿ ವಿದರ್ಭಕ್ಕೆ ಹೋದ. ಅಲ್ಲಿ ಎರಡನೆಯ ವರ್ಷ ರಣಜಿ ಫೈನಲ್‌ನಲ್ಲಿ 86 ಮತ್ತು 135 ಹೊಡೆದು ಟ್ರೋಫಿ ಗೆದ್ದುಕೊಟ್ಟು, ಭಾರತ ತಂಡಕ್ಕೂ ಮರಳಿ, ಆಮೇಲೆ ಕರ್ನಾಟಕಕ್ಕೂ ವಾಪಸು ಬಂದ. ಇದನ್ನು ಹೇಳಿದಾಗ ಗೌಡರು, "ಅಲ್ಲೂ ಎರಡನೇ ವರ್ಷವೇ ನೋಡಿ!" ಎಂದು ಬೇಲಿ ಗುದ್ದಿದರು. ಟೋಪಿ ನನ್ನ ಮೆಂತ್ಯದ ಮೇಲೆ ಬಿತ್ತು.

"ಈ ಸಲ ಯಾರ ಮೇಲೆ ಪಂತ ಕಟ್ತೀರಿ ಮೇಷ್ಟ್ರೇ?" ಎಂದರು, ಟೋಪಿ ಈಸಿಕೊಳ್ಳುತ್ತ.

ಐಯೋವಾ ಸ್ಟೇಟ್‌ನ ಕೋಚು ಮ್ಯಾಟ್ ಕ್ಯಾಂಬೆಲ್ ಪೆನ್ ಸ್ಟೇಟ್‌ಗೆ ಹೋಗಿದ್ದಾರೆ, ಅವರ ಹಿಂದೆಯೇ ರಾಕೊ ಬೆಕ್ಟ್ ಎಂಬ ಕ್ವಾರ್ಟರ್‌ಬ್ಯಾಕ್ ಹೊರಟಿದ್ದಾನೆ. ನಾರ್ತ್ ಟೆಕ್ಸಾಸ್‌ನ ಎರಿಕ್ ಮಾರಿಸ್ ಒಕ್ಲಹೋಮಾ ಸ್ಟೇಟ್‌ಗೆ ಹೋಗಿದ್ದಾರೆ, ಕಳೆದ ವರ್ಷ ದೇಶದಲ್ಲೇ ಅತಿ ಹೆಚ್ಚು ಗಜ ಎಸೆದ ಡ್ರೂ ಮೆಸ್ಟೆಮೇಕರ್ ಅವರ ಜೊತೆಗೆ. ಇವರಿಬ್ಬರೂ ಮೊದಲ ವರ್ಷವೇ ನಿಲ್ಲುತ್ತಾರೆ ಎಂದೆ. ಅವರ ಮುಂದೆ ನಿಲ್ಲುವ ಐದು ಜನ ದಾಂಡಿಗರು ಗಟ್ಟಿಯಿದ್ದರೆ ಎಂಬ ಷರತ್ತು ಸೇರಿಸಿದೆ, ಗೋಡೆಯಿಲ್ಲದೆ ಮಾಡು ನಿಲ್ಲುವುದಿಲ್ಲ. ಮೆಂಡೋಝಾನ ಜಾಗಕ್ಕೆ ಇಂಡಿಯಾನಾಕ್ಕೆ ಬಂದಿರುವ ಜಾಶ್ ಹೂವರ್‌ಗೂ ನನ್ನ ಓಟು. ಸಿಗ್ನೆಟಿಯ ಮನೆಯಲ್ಲಿ ಹೊಸಬರಿಗೆ ಕುರ್ಚಿ ಸಿದ್ಧವಿರುತ್ತದೆ. ಬಾಕಿಯವರ ವಿಷಯ ನನ್ನನ್ನು 2027ರಲ್ಲಿ ಕೇಳಿ ಎಂದೆ.

"ಅಷ್ಟೊತ್ತಿಗೆ ಅವ್ರೆಲ್ಲ ಇನ್ನೆಲ್ಲಿರ್ತಾರೋ!" ಎಂದು ಗೌಡರು ನಕ್ಕು ಒಳಗೆ ಹೋದರು.

ಹೊಸ ಜಾಗದಲ್ಲಿ ಹುಡುಗ ಹೇಗಿರುತ್ತಾನೆ ಎಂದು ನವೆಂಬರಿನಲ್ಲಿ ತೀರ್ಪು ಬರೆಯಬೇಡಿ. ನಿಮ್ಮ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರಾಗಲಿ, ಆಫೀಸಿಗೆ ಬಂದ ಗುಮಾಸ್ತನಾಗಲಿ, ಮನೆಗೆ ಬಂದ ಸೊಸೆಯಾಗಲಿ, ಮೊದಲ ದಿನ ಒಂದು ಕುರ್ಚಿ ಕೊಡಿ, ಆಮೇಲೆ ಎರಡನೆಯ ವರ್ಷ ಕೊಡಿ. ಅರ್ಜಿ ಬಂದರೆ ಮಡಿಸಿ ಜೇಬಿಗೆ ಹಾಕಿಕೊಳ್ಳಿ.